ಸಂನ್ಯಾಸಿಗಳ ಕಪ್ಪು ಬಿಯರ್ ಮತ್ತು ನಮ್ಮ ಊಟದ ಮೇಜು

ಕ್ರೈಸ್ತ ಕುಟುಂಬಗಳಲ್ಲಿ ಮದ್ಯದ ವಿಷಯ ಬಂದಾಗ ಸಾಮಾನ್ಯವಾಗಿ ಎರಡು ಬಗೆಯ ಮಾತುಗಳನ್ನು ಕೇಳುತ್ತೇವೆ. "ಕುಡಿತವೇ ಪಾಪ, ಬಾಟಲಿ ಮನೆಯ ಹೊಸ್ತಿಲು ದಾಟಬಾರದು" ಎನ್ನುವವರು ಒಂದು ಕಡೆ. "ಕಾನಾ ಊರಿನ ಮದುವೆಯಲ್ಲಿ ಪ್ರಭುವೇ ನೀರನ್ನು ದ್ರಾಕ್ಷಾರಸವನ್ನಾಗಿ ಮಾಡಲಿಲ್ಲವೇ?" ಎಂದು ಕೇಳುತ್ತಾ ಮೂರನೆಯ ಗ್ಲಾಸಿಗೆ ಕೈಚಾಚುವವರು ಇನ್ನೊಂದು ಕಡೆ. ಈಚೆಗೆ ಮೂರನೆಯ ಮಾತೊಂದು ಕೇಳಿಬರುತ್ತಿದೆ. ಹೊರದೇಶದಲ್ಲಿ ದುಡಿಯುವ ನಮ್ಮ ಯುವಕರು ರಜೆಗೆ ಬರುವಾಗ ಬೆಲ್ಜಿಯಂ ದೇಶದ ಮಠಗಳ ಕಪ್ಪು ಬಿಯರನ್ನು ತರುತ್ತಾರೆ. ಬೆಂಗಳೂರಿನಲ್ಲಿ ಇರುವವರು, ಸ್ಥಳದಲ್ಲಿಯೇ ಬಿಯರ್ ತಯಾರಿಸಿ ಬಡಿಸುವ ಹೋಟೆಲುಗಳ ವಿಷಯ ಹೇಳುತ್ತಾರೆ. "ಇದು ಕುಡಿತವಲ್ಲ ಫಾದರ್, ರುಚಿ ನೋಡುವುದು" ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆಯೇ? ಇದೆ. ಆದರೆ ಅದು ಎಷ್ಟರ ಮಟ್ಟಿಗೆ ಸತ್ಯ, ಯಾರ ಪಾಲಿಗೆ ಸತ್ಯ ಎಂಬುದನ್ನು ವಿಚಾರಿಸಿ ನೋಡಬೇಕು.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಟ್ರ್ಯಾಪಿಸ್ಟರೆಂದು ಹೆಸರಾದ ಸಂನ್ಯಾಸಿಗಳು 6ನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯಂತೆ ಬಾಳುವವರು. ತಮ್ಮ ಕೈಕೆಲಸದಿಂದಲೇ ಜೀವಿಸುವವನು ನಿಜವಾದ ಸಂನ್ಯಾಸಿ ಎಂಬುದು ಆ ನಿಯಮದ ಬೋಧೆ. ಆದುದರಿಂದ ಅವರ ಮಠಗಳಲ್ಲಿ ಬೇಸಾಯ, ಗಿಣ್ಣು ತಯಾರಿಕೆ, ಬಿಯರ್ ತಯಾರಿಕೆ ನಡೆದುಬಂದಿವೆ. ಬೆಲ್ಜಿಯಂನ ರೋಶ್‌ಫೋರ್ ಮಠದಲ್ಲಿ 1595ರಷ್ಟು ಹಿಂದೆಯೇ ಬಿಯರ್ ತಯಾರಾಗುತ್ತಿತ್ತು. ವೆಸ್ಟ್‌ಮಾಲೆ ಮಠದ ಸಂನ್ಯಾಸಿಗಳು ತಾವೇ ತಯಾರಿಸಿದ ಬಿಯರನ್ನು ಊಟದೊಡನೆ ಮೊದಲ ಬಾರಿಗೆ ಸೇವಿಸಿದ್ದು 1836ರ ಡಿಸೆಂಬರ್ ತಿಂಗಳಿನಲ್ಲಿ. ಶಿಮೇ ಮಠದಲ್ಲಿ ಈ ಕೆಲಸ 1862ರಲ್ಲಿ ಆರಂಭವಾಯಿತು. 1997ರಲ್ಲಿ ಈ ಮಠಗಳು ಒಂದು ಸಂಘವನ್ನು ಸ್ಥಾಪಿಸಿ ನಿಬಂಧನೆಗಳನ್ನು ಮಾಡಿಕೊಂಡವು. ಬಿಯರ್ ಮಠದ ಆವರಣದಲ್ಲಿ, ಸಂನ್ಯಾಸಿಗಳ ಕೈಯಿಂದ ಅಥವಾ ಅವರ ಮೇಲ್ವಿಚಾರಣೆಯಲ್ಲಿ ತಯಾರಾಗಬೇಕು. ಪ್ರಾರ್ಥನಾ ಜೀವನಕ್ಕಿಂತ ಅದು ಮುಖ್ಯವಾಗಬಾರದು. ಮಠದ ಖರ್ಚು ಕಳೆದು ಉಳಿದದ್ದು ದಾನಧರ್ಮಕ್ಕೆ ಸಲ್ಲಬೇಕು. ವೆಸ್ಟ್‌ವ್ಲೆಟೆರನ್ ಊರಿನ ಸಂತ ಸಿಕ್ಸ್ಟಸ್ ಮಠದ ಬಿಯರಿಗೆ ಲೋಕವೇ ಮುಗಿಬಿದ್ದರೂ, ಅಲ್ಲಿಯವರು ಬೇಡಿಕೆಗೆ ತಕ್ಕಂತೆ ತಯಾರಿಕೆ ಹೆಚ್ಚಿಸಲು ಒಪ್ಪಲಿಲ್ಲ. ತಮ್ಮ ಬಾಳಿಗೆ ಬೇಕಾದಷ್ಟು ಸಾಕು ಎಂದರು. ಲಾಭವೇ ದೇವರಾದ ಕಾಲದಲ್ಲಿ ಈ "ಸಾಕು" ಎಂಬ ಮಾತು ಚಿಕ್ಕ ಸಾಕ್ಷಿಯಲ್ಲ.

ಈ ಬಿಯರನ್ನು ತಯಾರಿಸುವ ಬಗೆಯೂ ನಿಧಾನದ್ದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸವನ್ನು ಹಾಪ್ ಹೂಗಳೊಡನೆ ಕುದಿಸುತ್ತಾರೆ. ಕಂದುಬಣ್ಣ ಬರುವವರೆಗೆ ಕಾಯಿಸಿದ ಸಕ್ಕರೆಪಾಕವನ್ನು ಸೇರಿಸುತ್ತಾರೆ. ಬಳಿಕ ಯೀಸ್ಟ್ ಬೆರೆಸಿ ಸ್ವಲ್ಪ ಬೆಚ್ಚಗಿನ ಸ್ಥಿತಿಯಲ್ಲಿ ಹುಳಿಯಲು ಬಿಡುತ್ತಾರೆ. ಆ ಬೆಚ್ಚಗೆಯಲ್ಲಿ ಯೀಸ್ಟ್ ಹಣ್ಣಿನ ಪರಿಮಳಗಳನ್ನು ಹುಟ್ಟಿಸುತ್ತದೆ. ಒಣದ್ರಾಕ್ಷಿ, ಅಂಜೂರ, ಖರ್ಜೂರದ ನೆನಪು ತರುವ ವಾಸನೆ ಅದು. ನಮ್ಮವರಿಗಾದರೆ ಓಲೆಬೆಲ್ಲದ ನೆನಪಾದೀತು. ಬಾಟಲಿಯೊಳಗೆ ಅದು ಇನ್ನೊಮ್ಮೆ ಹುಳಿಯುತ್ತದೆ. ತಳದಲ್ಲಿ ಗಸಿ ನಿಲ್ಲುವುದರಿಂದ ಅಲುಗಿಸದೆ ಮೆಲ್ಲನೆ ಬಗ್ಗಿಸಬೇಕು. ಮಂಜುಗಡ್ಡೆಯಂತೆ ತಣ್ಣಗಾದರೆ ಪರಿಮಳ ಏಳುವುದಿಲ್ಲ. 10ರಿಂದ 14 ಡಿಗ್ರಿ ಉಷ್ಣತೆಯಲ್ಲಿ, ಅಗಲಬಾಯಿಯ ಪಾತ್ರೆಯಲ್ಲಿ ಅದನ್ನು ಕೊಡುತ್ತಾರೆ.

ಅದರ ಬಲವನ್ನೂ ತಿಳಿದಿರಬೇಕು. ನಮ್ಮಲ್ಲಿ ಮಾರುವ ಸಾಧಾರಣ ಬಿಯರಿನಲ್ಲಿ ಮದ್ಯಸಾರ ಶೇಕಡಾ 5ರ ಆಸುಪಾಸು. ವೆಸ್ಟ್‌ಮಾಲೆಯ ಕಂದು ಬಿಯರಿನಲ್ಲಿ 7, ಶಿಮೇಯ ನೀಲಿ ಪಟ್ಟಿಯದರಲ್ಲಿ 9, ವೆಸ್ಟ್‌ವ್ಲೆಟೆರನ್ 12 ಎಂಬುದರಲ್ಲಿ 10.2, ರೋಶ್‌ಫೋರ್ 10 ಎಂಬುದರಲ್ಲಿ 11.3. ಹೆಸರಿನೊಡನೆ ಇರುವ ಅಂಕೆ ಮದ್ಯಸಾರದ ಅಂಕೆಯಲ್ಲ ಎಂಬುದನ್ನು ಗಮನಿಸಬೇಕು. ವೆಸ್ಟ್‌ವ್ಲೆಟೆರನ್ 12ರ 330 ಮಿಲಿಲೀಟರಿನ ಒಂದು ಚಿಕ್ಕ ಬಾಟಲಿಯಲ್ಲಿ ಸುಮಾರು 34 ಮಿಲಿಲೀಟರ್ ಶುದ್ಧ ಮದ್ಯಸಾರವಿರುತ್ತದೆ. ನಮ್ಮ ಊರಿನ 60 ಮಿಲಿಲೀಟರ್ ವಿಸ್ಕಿಯಲ್ಲಿ ಇರುವುದು ಸುಮಾರು 26. "ಬಿಯರ್ ತಾನೇ" ಎಂದು ಎರಡು ಬಾಟಲಿ ಮುಗಿಸಿ ಸ್ಕೂಟರ್ ಏರುವವನು ಈ ಲೆಕ್ಕವನ್ನು ಮಾಡಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಬೇಸಿಗೆಯ ಎರಡು ತಿಂಗಳು ಬೆಲ್ಜಿಯಂನ ಒಂದು ಧರ್ಮಕೇಂದ್ರದಲ್ಲಿ ಬದಲಿ ಗುರುವಾಗಿ ಸೇವೆ ಸಲ್ಲಿಸುವ ಅವಕಾಶ ನನಗೆ ಒದಗಿತ್ತು. ಆಗ ಸಂತ ಸಿಕ್ಸ್ಟಸ್ ಮಠದೆದುರಿನ ಉಪಾಹಾರಗೃಹಕ್ಕೆ ಹೋಗಿದ್ದೆ. ಪಕ್ಕದ ಮೇಜಿನಲ್ಲಿ ವೃದ್ಧ ದಂಪತಿ ಕುಳಿತಿದ್ದರು. ಅವರ ಮುಂದೆ ಒಂದೊಂದು ಪಾತ್ರೆ ಕಪ್ಪು ಬಿಯರ್, ಒಂದು ತಟ್ಟೆಯಲ್ಲಿ ಗಿಣ್ಣಿನ ತುಂಡುಗಳು, ಸಾಸಿವೆಯ ಅರೆಪು, ರೊಟ್ಟಿ. ಒಂದು ಗಂಟೆ ಕಳೆದರೂ ಪಾತ್ರೆ ಬರಿದಾಗಿರಲಿಲ್ಲ. ಒಂದು ತುಂಡು ಗಿಣ್ಣು, ಒಂದು ಗುಟುಕು, ನಾಲ್ಕು ಮಾತು. ಅಷ್ಟರಲ್ಲಿ ಅವರು ಎದ್ದುಹೋದರು, ಎರಡನೆಯದನ್ನು ಕೇಳಲಿಲ್ಲ.

ಊಟದೊಡನೆ ಹೊಂದಿಸುವುದು ಎಂದರೆ ಏನೆಂದು ನನಗೆ ಅಂದು ತಿಳಿಯಿತು. ಗಿಣ್ಣಿನ ಉಪ್ಪು ಮತ್ತು ಕೊಬ್ಬು ಬಿಯರಿನ ಸಿಹಿಯನ್ನು ಹದಕ್ಕೆ ತರುತ್ತವೆ. ಬಿಯರಿನ ನೊರೆ ನಾಲಿಗೆಯ ಮೇಲಿನ ಕೊಬ್ಬನ್ನು ತೊಳೆದು ಮುಂದಿನ ತುತ್ತಿಗೆ ಅಣಿಮಾಡುತ್ತದೆ. ಫ್ಲಾಂಡರ್ಸ್ ಸೀಮೆಯ ಮನೆಗಳಲ್ಲಿ ದನದ ಮಾಂಸವನ್ನು ಈರುಳ್ಳಿಯೊಡನೆ ಕಪ್ಪು ಬಿಯರಿನಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಸಾಸಿವೆ ಸವರಿದ ರೊಟ್ಟಿ ಅದರಲ್ಲಿ ಕರಗಿ ಸಾರನ್ನು ಗಟ್ಟಿಮಾಡುತ್ತದೆ. ಅದೇ ಬಿಯರ್ ಊಟಕ್ಕೂ ಒಪ್ಪುತ್ತದೆ. ಅತ್ಯಂತ ಬಲವಾದ ಬಿಯರ್ ಊಟದ ಕೊನೆಯಲ್ಲಿ ಕಹಿ ಚಾಕೊಲೇಟಿನೊಡನೆ ಅಥವಾ ನೀಲಿ ಗೆರೆಯ ಗಿಣ್ಣಿನೊಡನೆ ಬರುತ್ತದೆ, ಅದೂ ಸ್ವಲ್ಪವೇ. ನಮ್ಮ ದುಕ್ರಾಮಾಸಿನ ಜೊತೆ ಹೇಗೆ ಎಂದು ಕೇಳುವವರಿದ್ದಾರೆ. ಮದ್ಯಸಾರ ಮೆಣಸಿನ ಖಾರವನ್ನು ಕೆರಳಿಸುತ್ತದೆ. ಆದುದರಿಂದ ಖಾರದ ಪದಾರ್ಥಕ್ಕೆ ಬಲವಾದ ಬಿಯರ್ ಒಪ್ಪುವುದಿಲ್ಲ. ಖಾರ ತಗ್ಗಿಸಲು ಮತ್ತಷ್ಟು ಕುಡಿಯುವ ಅಪಾಯವೂ ಉಂಟು.

ಇಲ್ಲಿ ತತ್ತ್ವದ ಮಾತೊಂದಿದೆ. ಮತ್ತನಾಗಲು ಕುಡಿಯುವವನಿಗೆ ಎದುರಿಗಿರುವ ವಸ್ತು ಬೇಕಿಲ್ಲ. ಅದರ ಪರಿಣಾಮ ಮಾತ್ರ ಬೇಕು. ರುಚಿ ನೋಡುವವನಿಗೆ ವಸ್ತುವೇ ಬೇಕು. ಅವನು ಅದನ್ನು ಸೃಷ್ಟಿಕರ್ತನ ಕೊಡುಗೆಯಾಗಿ, ಮನುಷ್ಯನ ದುಡಿಮೆಯ ಫಲವಾಗಿ ಗಮನಿಸುತ್ತಾನೆ. ಬಿಯರನ್ನು ಆಶೀರ್ವದಿಸುವ ಪ್ರಾರ್ಥನೆಯೊಂದು ಹಳೆಯ ರೋಮನ್ ವಿಧಿಗ್ರಂಥದಲ್ಲಿಯೇ ಇದೆ. ಆದರೆ ಸಂತ ಬೆನೆಡಿಕ್ಟರು ತಮ್ಮ ನಿಯಮದ 40ನೆಯ ಅಧ್ಯಾಯದಲ್ಲಿ ಈ ವಿಷಯವನ್ನು ಎಷ್ಟು ಸಂಕೋಚದಿಂದ ಬರೆದಿದ್ದಾರೆಂಬುದನ್ನು ನೋಡಬೇಕು. ಇತರರ ಪಾನದ ಅಳತೆಯನ್ನು ನಿರ್ಧರಿಸಲು ಅವರು ಹಿಂಜರಿಯುತ್ತಾರೆ. ಬಲಹೀನರನ್ನು ನೆನೆದು ದಿನಕ್ಕೊಂದು ಚಿಕ್ಕ ಅಳತೆ ದ್ರಾಕ್ಷಾರಸವನ್ನು ಒಪ್ಪುತ್ತಾರೆ. ಪೂರ್ತಿಯಾಗಿ ತ್ಯಜಿಸುವ ಶಕ್ತಿ ದೇವರಿಂದ ಬಂದವರಿಗೆ ವಿಶೇಷ ಪ್ರತಿಫಲ ಉಂಟೆಂದು ಸೇರಿಸುತ್ತಾರೆ. ಅಳತೆ ಎಲ್ಲರಿಗೂ ಒಂದೇ ಅಲ್ಲ ಎಂಬ ಅರಿವು ಅಲ್ಲಿದೆ.

ಈ ಅರಿವು ನನ್ನ ಪುಸ್ತಕದಲ್ಲಿತ್ತು. ಮೇಜಿನ ಮುಂದೆ ಕುಳಿತಾಗ ಇರಲಿಲ್ಲ. ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಹೊಸ ಮನೆಯೊಂದರ ಆಶೀರ್ವಾದವಿತ್ತು. ಮನೆಯ ಮಗ ಎರಡು ಬಾಟಲಿ ಕಪ್ಪು ಬಿಯರ್ ತಂದಿದ್ದ. ನಾನು ಬೆಲ್ಜಿಯಂ ಕಂಡವನಲ್ಲವೇ, ಉತ್ಸಾಹದಿಂದ ವಿವರಿಸಿದೆ: ಹೀಗೆ ಹಿಡಿಯಬೇಕು, ಹೀಗೆ ಮೂಸಬೇಕು, ಮಠದಲ್ಲಿ ಹೀಗೆ ತಯಾರಿಸುತ್ತಾರೆ. ಮೇಜಿನ ಕೊನೆಯಲ್ಲಿ ಕುಳಿತಿದ್ದ ಬಂಧುವೊಬ್ಬರು, "ಸಂನ್ಯಾಸಿಗಳು ಮಾಡಿದ್ದೆಂದ ಮೇಲೆ ಇದು ಕುಡಿತವಾಗುವುದಿಲ್ಲ ಅಲ್ಲವೇ ಫಾದರ್?" ಎಂದರು. ನಾನು ನಕ್ಕೆ. ಅವರ ಗ್ಲಾಸಿಗೂ ಸ್ವಲ್ಪ ಬಿತ್ತು. ಅವರು ನಾಲ್ಕು ವರ್ಷಗಳಿಂದ ಕುಡಿತ ಬಿಟ್ಟಿದ್ದರೆಂಬುದು ನನಗೆ ಗೊತ್ತಿತ್ತು. ಮಾತಿನ ಭರದಲ್ಲಿ ಅದು ನೆನಪಿಗೆ ಬರಲಿಲ್ಲ.

ಮುಂದಿನ ಭಾನುವಾರ ಬಲಿಪೂಜೆಯ ಬಳಿಕ ಅವರ ಪತ್ನಿ ಬಂದು ನಿಂತರು. "ನಿಮ್ಮನ್ನು ದೂರುವುದಕ್ಕೆ ಬಂದವಳಲ್ಲ ಫಾದರ್. ಆದರೆ ಅಂದಿನಿಂದ ಅವರು ದಿನಾಲೂ ಕುಡಿದು ಬರುತ್ತಿದ್ದಾರೆ. ಕೇಳಿದರೆ, ಫಾದರೇ ನಕ್ಕರು, ಬೇಡವೆನ್ನಲಿಲ್ಲ ಅನ್ನುತ್ತಾರೆ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆಯೇ ಅವರ ಮನೆಗೆ ಹೋಗಿ ಇಬ್ಬರ ಮುಂದೆಯೂ ಕ್ಷಮೆ ಕೇಳಿದೆ. ಅವರು ಮತ್ತೆ ಕುಡಿತ ಬಿಟ್ಟವರ ಬಳಗಕ್ಕೆ ಮರಳಲು ಏಳು ತಿಂಗಳು ಹಿಡಿಯಿತು. ಇದನ್ನು ಅವರಿಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ, ದ್ರಾಕ್ಷಾರಸ ಸೇವನೆ ತನ್ನಷ್ಟಕ್ಕೆ ನಿಷಿದ್ಧವಲ್ಲ ಎಂದು ಹೇಳಿ, ಅದು ನಿಷಿದ್ಧವಾಗುವ ಸಂದರ್ಭಗಳನ್ನು ಎಣಿಸಿದ್ದಾರೆ. ಕುಡಿಯುವವನಿಗೆ ಅದರಿಂದ ಸುಲಭವಾಗಿ ಕೇಡಾಗುವಾಗ, ಅವನು ಹರಕೆಯಿಂದ ಬದ್ಧನಾಗಿರುವಾಗ, ಅಳತೆ ಮೀರಿದಾಗ, ಮತ್ತು ಅದರಿಂದ ಇತರರು ಎಡವುವಾಗ. ಸೆಮಿನರಿಯಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದವನು ನಾನು. ಅಂದು ನನ್ನ ಗ್ಲಾಸಿನಲ್ಲಿ ಅಳತೆ ಮೀರಿರಲಿಲ್ಲ. ಮೂರನೆಯ ನಿಯಮವನ್ನು ಪಾಲಿಸಿದೆನೆಂಬ ನೆಮ್ಮದಿಯಲ್ಲಿ ಮೊದಲನೆಯದನ್ನೂ ನಾಲ್ಕನೆಯದನ್ನೂ ಮರೆತೆ. ಮಿತಿ ಎಂದರೆ ನನ್ನ ಗ್ಲಾಸಿನ ಗೆರೆ ಮಾತ್ರವಲ್ಲ, ಪಕ್ಕದಲ್ಲಿ ಕುಳಿತವನ ಬಲಹೀನತೆಯೂ ಅದರೊಳಗೆ ಸೇರಿದೆ. ತನ್ನ ಸಹೋದರನು ಎಡವುವುದಾದರೆ ತಾನು ಮಾಂಸವನ್ನೇ ಮುಟ್ಟುವುದಿಲ್ಲವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದುದು ಇದೇ ಅರ್ಥದಲ್ಲಿ.

ಆದುದರಿಂದ ನಮ್ಮ ಕುಟುಂಬಗಳಿಗೆ ನನ್ನ ಅರಿಕೆ ಇಷ್ಟೇ. ಮಗ ತಂದ ಬಾಟಲಿಯನ್ನು ಕಪಾಟಿನಲ್ಲಿ ಅಡಗಿಸಿಟ್ಟು ಒಬ್ಬೊಬ್ಬರೇ ಕುಡಿಯಬೇಡಿ. ತೆರೆಯುವುದಾದರೆ ಊಟದ ಮೇಜಿನಲ್ಲಿ, ಊಟದೊಡನೆ ತೆರೆಯಿರಿ. ಒಂದು ಬಾಟಲಿಯನ್ನು ಇಬ್ಬರು ಮೂವರು ಹಂಚಿಕೊಳ್ಳಿ. ವಾಹನ ನಡೆಸುವವನಿಗೆ ಬೇಡ. ಮದುವೆಯ ಹಿಂದಿನ ದಿನದ ರೋಸ್ ಆಗಲಿ, ಮನೆಯೊಕ್ಕಲಾಗಲಿ, "ಒಂದೇ ಒಂದು" ಎಂದು ಯಾರನ್ನೂ ಒತ್ತಾಯಿಸಬೇಡಿ. ಬೇಡವೆಂದವರನ್ನು ಕಾರಣ ಕೇಳಬೇಡಿ. ಬಿಟ್ಟವರು ಮೇಜಿನಲ್ಲಿದ್ದರೆ ಆ ದಿನ ಬಾಟಲಿ ಒಳಗೇ ಇರಲಿ. ಅವರಿಗೆ ಮಠದ ಬಿಯರೂ ಗಡಂಗಿನ ಸಾರಾಯಿಯೂ ಒಂದೇ.

ಆ ಬಂಧುವನ್ನು ಈಚೆಗೆ ಒಂದು ಮದುವೆಯಲ್ಲಿ ಕಂಡೆ. ಯಾರೋ ನನ್ನ ಮುಂದೆ ಗ್ಲಾಸ್ ತಂದಿಟ್ಟರು. ನಾನು ಅದನ್ನು ಬದಿಗೆ ಸರಿಸಿ ಎರಡು ಲೋಟ ಬಿರಿಂಡ ಪಾನಕ ತರಲು ಹೇಳಿದೆ. ಅವರು ಒಂದನ್ನು ತೆಗೆದುಕೊಂಡು, "ನಿಮಗೂ ಇದೇ ಸಾಕೇ ಫಾದರ್?" ಎಂದರು. ಸಾಕು ಎಂದೆ.