ಮಾನ್‌ಸ್ಟೈನ್ ಬರೆಯದ ಪುಟಗಳು

ಎರಿಕ್ ಫಾನ್ ಮಾನ್‌ಸ್ಟೈನ್ ಹೆಸರು ಬಂದ ಕಡೆಯಲ್ಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ರಾಜಕೀಯ ಪಕ್ಕಕ್ಕಿಡಿ, ಎಂಥ ಸೇನಾನಿ!’ ಹೀಗೆ ಪಕ್ಕಕ್ಕಿಡುವುದು ಅಷ್ಟು ಸಲೀಸೇ? ನನ್ನ ತಕರಾರು ಇರುವುದು ಅಲ್ಲೇ.

ಸೇನಾನಿಯೇನೋ ಹೌದು. 1940ರಲ್ಲಿ ಆರ್ಡೆನ್ಸ್ ಕಾಡಿನೊಳಗಿಂದ ಟ್ಯಾಂಕುಗಳನ್ನು ನುಗ್ಗಿಸಿ ಫ್ರಾನ್ಸನ್ನು ಕೆಡವಿದ ಯೋಜನೆಯ ಮೂಲ ಆತನದು. 1942ರ ಜುಲೈನಲ್ಲಿ ಸೆವಾಸ್ತೊಪೋಲ್ ಬಿದ್ದಾಗ ಫೀಲ್ಡ್ ಮಾರ್ಷಲ್ ಆದ. ನೈಟ್ಸ್ ಕ್ರಾಸ್ ಪದಕ ಬಂತು, ಅದಕ್ಕೆ ಓಕ್ ಎಲೆ, ಆಮೇಲೆ ಖಡ್ಗಗಳೂ ಸೇರಿದವು.

ಸೆವಾಸ್ತೊಪೋಲ್ ಇರುವ ಅದೇ ಕ್ರಿಮಿಯಾದಲ್ಲಿ, 1941ರ ನವೆಂಬರ್ 20ರಂದು, 11ನೇ ಸೇನೆಯ ಮುಖ್ಯಸ್ಥನಾಗಿ ಆತ ಒಂದು ಆದೇಶ ಹೊರಡಿಸಿದ. ಯಹೂದಿ-ಬೋಲ್ಶೆವಿಕ್ ವ್ಯವಸ್ಥೆಯನ್ನು ಬೇರುಸಹಿತ ಕಿತ್ತುಹಾಕಬೇಕು, ಯಹೂದಿಗಳಿಗೆ ಕೊಡುವ ಕಠಿಣ ಶಿಕ್ಷೆ ಏಕೆ ಅಗತ್ಯವೆಂದು ಸೈನಿಕ ಅರಿಯಬೇಕು, ಶತ್ರುವಿನ ನಗರಗಳಲ್ಲಿ ಬಹುಪಾಲು ಜನ ಹಸಿದಿರಬೇಕಾಗುತ್ತದೆ ಎಂಬುದು ಅದರ ಸಾರ. ಮರುತಿಂಗಳೇ ಸಿಮ್ಫೆರೊಪೋಲ್‌ನಲ್ಲಿ ಓಟ್ಟೊ ಓಲೆನ್‌ಡಾರ್ಫ್‌ನ ದಳ 10,000ಕ್ಕೂ ಹೆಚ್ಚು ಯಹೂದಿಗಳನ್ನು ಗುಂಡಿಕ್ಕಿ ಕೊಂದಿತು. ಲಾರಿಗಳನ್ನು ಒದಗಿಸಿದ್ದು ಸೇನೆ. ಸತ್ತವರ ಕೈಗಡಿಯಾರಗಳೂ ಸೇನೆಗೆ ತಲುಪಿದವು. ಟ್ಯಾಂಕಿಗೆ ಬೇಕಾದ ಇಂಧನದ ಲೆಕ್ಕ ಬಾಯಿಪಾಠವಿದ್ದ ಮನುಷ್ಯನಿಗೆ ಇದು ಗೊತ್ತಿರಲಿಲ್ಲವೆಂದರೆ ಯಾರು ನಂಬಬೇಕು? 1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಆದೇಶವನ್ನು ಎದುರಿಗೇ ಹಿಡಿದಾಗ, ಸಹಿ ತನ್ನದೇ, ಆದರೆ ನೆನಪಿಲ್ಲ ಎಂದ.

1949ರಲ್ಲಿ ಹ್ಯಾಂಬರ್ಗ್‌ನ ಬ್ರಿಟಿಷ್ ಸೈನಿಕ ನ್ಯಾಯಾಲಯ 17 ಆರೋಪಗಳಲ್ಲಿ 9ರಲ್ಲಿ ಅವನನ್ನು ತಪ್ಪಿತಸ್ಥನೆಂದಿತು. ಶಿಕ್ಷೆ 18 ವರ್ಷ; ಆಮೇಲೆ 12ಕ್ಕೆ ಇಳಿಯಿತು; 1953ರಲ್ಲಿ ಬಿಡುಗಡೆ. ಆತನ ವಕೀಲರ ಖರ್ಚಿಗೆ ಹಣ ಕೊಟ್ಟವರಲ್ಲಿ ಚರ್ಚಿಲ್ ಕೂಡ ಒಬ್ಬರು. (ಗೆದ್ದವರಿಗೆ ತಾವು ಸೋಲಿಸಿದವನು ಮಹಾವೀರನಾಗಿದ್ದರೆ ಹಿತ!)

1955ರಲ್ಲಿ ಆತ್ಮಕಥನ ಬಂತು, ‘ಕಳೆದುಹೋದ ಗೆಲುವುಗಳು’ ಎಂಬರ್ಥದ ಹೆಸರಿನಲ್ಲಿ. ಗೆಲುವೆಲ್ಲ ಸೇನಾನಿಗಳದು, ಕಳೆದದ್ದು ಹಿಟ್ಲರ್ ಎಂಬುದೇ ಅದರ ಧಾಟಿ. ಕ್ರಿಮಿಯಾದ ಅಧ್ಯಾಯದಲ್ಲಿ ಕೋಟೆಯಿದೆ, ಫಿರಂಗಿಯಿದೆ. ಆ ಆದೇಶವಿಲ್ಲ, ಸಿಮ್ಫೆರೊಪೋಲ್‌ನ ಹೆಣಗಳಿಲ್ಲ. ಕವಿತೆ ಕೈಗೆ ಕೊಟ್ಟರೆ ಸಾಲಿನ ನಡುವಿನ ಮೌನವನ್ನು ಕೆದಕುವ ನಾವು ಸಾಹಿತ್ಯದ ವಿದ್ಯಾರ್ಥಿಗಳು, ಸೇನಾನಿಯ ಪುಸ್ತಕ ಸಿಕ್ಕರೆ ನಕ್ಷೆಯ ಬಾಣಗಳನ್ನು ನೋಡುತ್ತ ಕೂತುಬಿಡುತ್ತೇವೆ. ಆತ್ಮಕಥೆಯೂ ಒಂದು ರಚನೆ ಎಂದು ತರಗತಿಯಲ್ಲಿ ಕಲಿತದ್ದು ಎಲ್ಲಿ ಹೋಯಿತು?

ಆ ಶೀರ್ಷಿಕೆಯನ್ನೇ ಇನ್ನೊಮ್ಮೆ ಓದಿ. ಆ ಗೆಲುವುಗಳು ಕೈತಪ್ಪದೆ ಉಳಿದಿದ್ದರೆ ಓಲೆನ್‌ಡಾರ್ಫ್‌ನಂಥವರ ದಳಗಳು ಇನ್ನೆಷ್ಟು ಊರುಗಳಿಗೆ ಹೋಗುತ್ತಿದ್ದವು? ಪುಸ್ತಕ ಮರುಗುವುದು ಆ ಅವಕಾಶ ತಪ್ಪಿದ್ದಕ್ಕೆ. ಓಲೆನ್‌ಡಾರ್ಫ್‌ನನ್ನು 1951ರಲ್ಲಿ ಗಲ್ಲಿಗೇರಿಸಿದರು. ಮಾನ್‌ಸ್ಟೈನ್ ಪಶ್ಚಿಮ ಜರ್ಮನಿಯ ಹೊಸ ಸೇನೆಗೆ ಸಲಹೆಗಾರನಾದ.