ಸಂಜೆ ಯಾರದು?

ಯಶವಂತಪುರ, ಹೆಬ್ಬಾಳ, ಯಲಹಂಕದ ದುಡಿಯುವ ಜನರಲ್ಲಿ ಕಲೆಯ ಹಂಬಲ ಕುಗ್ಗಿತೆಂದು ಕೆಲವು ಮಹನೀಯರು ಮರುಗುತ್ತಾರೆ. ಮನಸ್ಸಿದ್ದರೆ ಮಾರ್ಗವುಂಟು, ಬಿಡುವಿಲ್ಲವೆಂಬುದು ಸೋಮಾರಿಯ ನೆಪ ಎಂದು ಉಪದೇಶವನ್ನೂ ಮಾಡುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಈ ಸೀಮೆಯ ಪೌರಾಣಿಕ ನಾಟಕ ನೋಡಿದವರು ಸತ್ಯವನ್ನು ಬಲ್ಲರು. ಯಲಹಂಕದಿಂದ ದೇವನಹಳ್ಳಿ, ದೊಡ್ಡಬಳ್ಳಾಪುರದವರೆಗೆ 'ಕುರುಕ್ಷೇತ್ರ' ಆಡುವ ಹವ್ಯಾಸಿಗೆ ಯಾರೂ ಸಂಬಳ ಕೊಡುವುದಿಲ್ಲ. ಪಾತ್ರಕ್ಕೆ ಅವನೇ ಹಣ ಕಟ್ಟುತ್ತಾನೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ, ಸಣ್ಣದಕ್ಕೆ ಸಣ್ಣದು. ಹಾರ್ಮೋನಿಯಂ ಮೇಷ್ಟರು, ಸೀನರಿ, ಉಡುಪು ಎಲ್ಲಕ್ಕೂ ಆ ದುಡ್ಡೇ ಆಗಬೇಕು. ಆಟೋ ಓಡಿಸುವವನು, ತರಕಾರಿ ಮಾರುವವನು, ಕಾರ್ಖಾನೆಯ ಕೆಲಸಗಾರ ತಿಂಗಳುಗಟ್ಟಲೆ ರಾತ್ರಿ ಕೂತು ಹಾಡು, ಮಾತು ಕಲಿತು, ಒಂದು ರಾತ್ರಿ ಕಿರೀಟ ಧರಿಸುತ್ತಾನೆ. ಗಂಟಿನ ಹಣ ತೆತ್ತು ಬಣ್ಣ ಹಚ್ಚುವವನಿಗೆ ಹಂಬಲ ಸಾಲದೆನ್ನುವುದು ಅನ್ಯಾಯ.

ಅವನಿಗೆ ಸಾಲದೆ ಬಂದಿರುವುದು ಸಂಜೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸ್ಥಾಪನೆಯಾದವು. ಕಾಯಂ ಕೆಲಸ, ಗೊತ್ತಾದ ಪಾಳಿ ಇದ್ದುದರಿಂದ ಸೈರನ್ ಕೂಗಿದ ಮೇಲಿನ ಹೊತ್ತು ಕೆಲಸಗಾರನದಾಗಿತ್ತು. ಕಾರ್ಖಾನೆಗಳ ಕನ್ನಡ ಸಂಘಗಳೂ ರಾಜ್ಯೋತ್ಸವದ ನಾಟಕಗಳೂ ಬೆಳೆದದ್ದು ಆ ಹೊತ್ತಿನಲ್ಲಿ. ಇಂದಿನ ಗುತ್ತಿಗೆ ಕೆಲಸಗಾರನಿಗೆ ನಾಳೆಯ ಪಾಳಿ ಯಾವುದೆಂದೇ ತಿಳಿಯದು. 2023ರಲ್ಲಿ ರಾಜ್ಯ ಶಾಸನಸಭೆ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ತೆರೆಯಿತು. ವಾರದ ಮಿತಿ 48 ಗಂಟೆಯೇ ಎಂದು ಸಮಾಧಾನ ಹೇಳಿದರು. ಹನ್ನೆರಡು ಗಂಟೆ ದುಡಿದು, ಹೆಬ್ಬಾಳದ ವಾಹನಗಳ ಸಾಲಿನಲ್ಲಿ ನಿಂತು ಮನೆ ಸೇರಿದವನ ಗಂಟಲಿನಲ್ಲಿ ಹಾಡು ಹುಟ್ಟೀತೇ?

ಕೆಲಸ ಬಿಡಲೇ, ಕಲೆ ಬಿಡಲೇ ಎಂದು ತರುಣರು ಕೇಳುತ್ತಾರೆ. ಎರಡನ್ನೂ ಬಿಡಬೇಡಿ ಎಂಬುದೇ ನಮ್ಮ ಉತ್ತರ. 1942ರಲ್ಲಿ 'ಮೈಸೂರು ಮಲ್ಲಿಗೆ' ಕೊಟ್ಟ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಯ ಗುಮಾಸ್ತರಾಗಿದ್ದವರು. ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಚೆನ್ನಬಸವಯ್ಯನವರು ಚಿತ್ರಕಲೆ ಕಲಿತು, ಸ್ವಾತಂತ್ರ್ಯ ಹೋರಾಟಕ್ಕಾಗಿ ಕುಂಚ ಕೆಳಗಿಟ್ಟರು. ಸೆರೆಮನೆ, ಸೇವಾದಳ, ಪತ್ರಿಕೆಯ ಕೆಲಸ, ವಿಧಾನ ಪರಿಷತ್ತು ಇವುಗಳಲ್ಲಿ ವರ್ಷಗಳು ಕಳೆದವು. ಅರವತ್ತರ ದಶಕದಲ್ಲಿ ಮತ್ತೆ ಕುಂಚ ಹಿಡಿದು, 1988ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನ ಹೂಮರಗಳನ್ನು ಬಣ್ಣದಲ್ಲಿ ಉಳಿಸಿದರು. ಬಡ್ತಿಗೋ ಮಕ್ಕಳ ಫೀಜಿಗೋ ಕೆಲಕಾಲ ಕಲೆಯಿಂದ ದೂರವಾದವನು ನಾಚಬೇಕಾಗಿಲ್ಲ. ಹಿಂತಿರುಗುವ ದಾರಿ ಇದ್ದೇ ಇದೆ.

ಆದರೆ ಒಬ್ಬಂಟಿ ಬೇಗ ದಣಿಯುತ್ತಾನೆ. ನಾಲ್ಕು ಜನ ಕೂಡಿ ವಾರಕ್ಕೊಂದು ಸಂಜೆಯನ್ನು ಗೊತ್ತುಮಾಡಿಕೊಳ್ಳಿ. ಒಬ್ಬನ ಉತ್ಸಾಹ ಇಳಿದಾಗ ಉಳಿದ ಮೂವರು ಎಳೆದು ತರುತ್ತಾರೆ. ಅಂಗಡಿಯ ಗೆಳೆಯರು ಬಾಗಿಲು ಹಾಕಿದ ಮೇಲೆ ತಾಲೀಮಿಗೆ ಮಹಡಿ ಬಿಟ್ಟುಕೊಟ್ಟರೆ ದೊಡ್ಡ ಉಪಕಾರ. ಕಾರ್ಮಿಕ ಸಂಘಗಳಂತೂ ತಮ್ಮ ಬೇಡಿಕೆ ಪಟ್ಟಿಯಲ್ಲಿ ಕೂಲಿಯ ಜೊತೆಗೆ ಎರಡು ಸಾಲು ಸೇರಿಸಲಿ: ಮುಂಚೆಯೇ ತಿಳಿಸಿದ ಪಾಳಿ, ಕೆಲಸಗಾರರ ಕೈಗೆ ಸಿಗುವ ಒಂದು ಸಭಾಭವನ.

ಕಲೆಯ ಹಂಬಲ ನಮ್ಮ ಜನರಲ್ಲಿದೆ. ಸಂಜೆಯನ್ನು ಮಾತ್ರ ಹೋರಾಡಿಯೇ ಪಡೆಯಬೇಕು.