ಕಪ್ಪುಹಲಗೆಯ ಮೇಲಿನ 'ನೈಸ್'

ಬೋಧನಾಭ್ಯಾಸದ ವೀಕ್ಷಣೆಗೆಂದು ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಾಗ ನನ್ನ ಕಿವಿಗೆ ಅತಿ ಹೆಚ್ಚು ಸಲ ಬೀಳುವ ಇಂಗ್ಲಿಷ್ ಪದ 'ನೈಸ್'. ಮಗು ಸರಿಯುತ್ತರ ಹೇಳಿದರೆ 'ವೆರಿ ನೈಸ್'. ಅರ್ಧ ಸರಿಯಾದ ಉತ್ತರ ಹೇಳಿದರೂ 'ನೈಸ್, ಸಿಟ್ ಡೌನ್'. ಪಾಠ ಇಂಗ್ಲಿಷಿನದೇ ಆಗಬೇಕೆಂದಿಲ್ಲ, ಗಣಿತವಾದರೂ ಅಷ್ಟೇ, ಸಮಾಜ ವಿಜ್ಞಾನವಾದರೂ ಅಷ್ಟೇ. ಸೂಕ್ಷ್ಮ ಬೋಧನೆಯಲ್ಲಿ ಪುನರ್ಬಲನ ಕೌಶಲವನ್ನು ಅಭ್ಯಾಸ ಮಾಡಿಸುವಾಗ ನಾವೇ ಹೇಳಿಕೊಟ್ಟ ಪದವಿದು. ಪ್ರಶಿಕ್ಷಣಾರ್ಥಿಗಳನ್ನು ದೂರುವಂತಿಲ್ಲ. ಪಾಠ ಮುಗಿದ ಮೇಲೆ ವೀಕ್ಷಣಾ ಪುಸ್ತಕದಲ್ಲಿ 'ನೈಸ್ ಪ್ರೆಸೆಂಟೇಶನ್' ಎಂದು ಗೀಚಿ ಸಹಿ ಹಾಕುವವರೂ ನಾವೇ.

ಈ ಪದದ ಬಗ್ಗೆ ಬರೆಯಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಅಭ್ಯಾಸ ಶಾಲೆಯೊಂದರ 9ನೆಯ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಹಲಗೆಯ ಎಡಭಾಗದಲ್ಲಿ ಹೊಸ ಪದಗಳ ಪಟ್ಟಿ, ಪ್ರತಿಯೊಂದರ ಮುಂದೆ ಸಮ ಚಿಹ್ನೆ, ಅದರ ಮುಂದೆ ಕನ್ನಡದ ಅರ್ಥ. 'ನೈಸ್ = ಒಳ್ಳೆಯ, ಚೆನ್ನಾದ' ಎಂದು ಬರೆದಾಯಿತು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ನಮ್ಮಣ್ಣ ಲಾ ಓದ್ತಾನೆ. ಅವನ ಪುಸ್ತಕದಲ್ಲಿ 'ಎ ನೈಸ್ ಪಾಯಿಂಟ್ ಆಫ್ ಲಾ' ಅಂತ ಇತ್ತು. ಅಂದ್ರೆ ಕಾನೂನಲ್ಲಿ ಒಳ್ಳೆ ಪಾಯಿಂಟಾ?"

"ಹೌದು, ಒಳ್ಳೆಯ ಅಂಶ."

"ಆದ್ರೆ ಅಣ್ಣ ಅದು ಬಿಡಿಸೋಕೆ ಕಷ್ಟ ಅಂದ, ಮಿಸ್."

ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ ಗಡಿಯಾರ ನೋಡಿಕೊಂಡು, "ಅದೆಲ್ಲ ನಿಮ್ಮ ಪಾಠದಲ್ಲಿಲ್ಲ, ಕೂತ್ಕೋ" ಎಂದು ಮುಂದಿನ ಪದಕ್ಕೆ ಹೋದರು. ನಾನು ನನ್ನ ಪುಸ್ತಕದಲ್ಲಿ 'ತರಗತಿ ನಿಯಂತ್ರಣ ಚೆನ್ನಾಗಿದೆ, ಸಮಯಪಾಲನೆ ಉತ್ತಮ' ಎಂದು ಬರೆದೆ. ಪಾಠದ ನಂತರದ ಚರ್ಚೆಯಲ್ಲೂ ಆ ಪ್ರಶ್ನೆಯನ್ನು ಎತ್ತಲಿಲ್ಲ. ಕಾರಣ ಸರಳ. ಉತ್ತರ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮುಂದಿನ ವಾರ ಅದೇ ತರಗತಿಗೆ ಹೋದಾಗ ಆ ಹುಡುಗಿ ಒಂದು ಸಲವೂ ಕೈ ಎತ್ತಲಿಲ್ಲ. ನಿಘಂಟು ತೆರೆದದ್ದು ಆಮೇಲೆ.

ಹುಡುಗಿಯ ಅಣ್ಣ ಹೇಳಿದ್ದೇ ಸರಿ. ಕಾನೂನಿನ 'ನೈಸ್ ಪಾಯಿಂಟ್' ಎಂದರೆ ಒಳ್ಳೆಯ ಅಂಶವಲ್ಲ, ಕೂದಲು ಸೀಳಿದಷ್ಟು ಸೂಕ್ಷ್ಮವಾದ, ಎಚ್ಚರದಿಂದ ತೂಗಿ ನೋಡಬೇಕಾದ ಅಂಶ. 'ನೈಸ್ ಡಿಸ್ಟಿಂಕ್ಷನ್' ಎಂದರೂ ಹಾಗೆಯೇ, ನವಿರಾದ ಭೇದ. 'ನೈಸಿಟಿ' ಎಂಬ ನಾಮಪದದಲ್ಲಿ ಈ ಅರ್ಥ ಇನ್ನೂ ಗಟ್ಟಿಯಾಗಿ ಉಳಿದಿದೆ. ಇದು ಯಾರೋ ವಕೀಲರು ಕಟ್ಟಿಕೊಂಡ ಅರ್ಥವಲ್ಲ. ಇಂದು ನಮಗೆ ಗೊತ್ತಿರುವ 'ಒಳ್ಳೆಯ, ಹಿತವಾದ' ಎಂಬುದಕ್ಕಿಂತ ಇದೇ ಹಳೆಯದು.

ಇದಕ್ಕಿಂತಲೂ ಹಳೆಯದು ಇನ್ನೊಂದಿದೆ. ಲ್ಯಾಟಿನ್‌ನಲ್ಲಿ 'ನೆ' ಎಂದರೆ ಇಲ್ಲ, 'ಸ್ಕೀರೆ' ಎಂದರೆ ತಿಳಿ. ಎರಡೂ ಸೇರಿ 'ನೆಸ್ಕಿಯುಸ್', ತಿಳಿಯದವನು. ('ಸೈನ್ಸ್' ಕೂಡ ಇದೇ ಸ್ಕೀರೆಯ ಸಂತಾನ. ವ್ಯುತ್ಪತ್ತಿಯ ಲೆಕ್ಕ ಹಿಡಿದರೆ ವಿಜ್ಞಾನದ ಮೇಷ್ಟರು 'ನೈಸ್' ಆಗಿರಲು ಸಾಧ್ಯವೇ ಇಲ್ಲ!) ಅಲ್ಲಿಂದ ಹಳೆಯ ಫ್ರೆಂಚಿಗೆ ಬಂದಾಗ ಅದಕ್ಕೆ ಪೆದ್ದ, ಮೂರ್ಖ ಎಂಬ ಅರ್ಥ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿಗೆ ಹರಿದುಬಂದ ಫ್ರೆಂಚ್ ಪದಗಳ ರಾಶಿಯಲ್ಲಿ ಇದೂ ಸೇರಿ, 1300ರ ಆಸುಪಾಸಿನಲ್ಲಿ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುತ್ತದೆ. ಅದೇ 14ನೆಯ ಶತಮಾನದ ಕವಿ ಚಾಸರ್ ಒಬ್ಬನನ್ನು 'ನೈಸ್' ಎಂದರೆ ಬಯ್ದಂತೆಯೇ ಹೊರತು ಹೊಗಳಿದಂತಲ್ಲ.

ಪೆದ್ದತನದಿಂದ ಸೂಕ್ಷ್ಮತೆಯವರೆಗಿನ ಈ ಪ್ರಯಾಣ ಒಂದೇ ನೆಗೆತದಲ್ಲಿ ಆದದ್ದಲ್ಲ. ಪೆದ್ದ ಎಂಬ ಅರ್ಥದ ಜೊತೆಗೇ ಲಂಗುಲಗಾಮಿಲ್ಲದ, ಆಡಂಬರದ ಎಂಬ ಅರ್ಥ ಬಂತು. ಇನ್ನೊಂದು ದಿಕ್ಕಿನಲ್ಲಿ ನಾಚಿಕೆ ಸ್ವಭಾವದ, ಬಿಂಕದ ಎಂಬ ಅರ್ಥವೂ ಬಂತು. ಅಲ್ಲಿಂದ ಸಣ್ಣಪುಟ್ಟದಕ್ಕೆಲ್ಲ ಮೂಗು ಮುರಿಯುವ, ಅತಿ ಮಡಿಯ ಎಂಬುದಕ್ಕೆ ದೂರವೇನಿಲ್ಲ. ಊಟಕ್ಕೆ ಕುಳಿತು ಅನ್ನದಲ್ಲಿ ಕಲ್ಲು ಹುಡುಕುವವರನ್ನು ನೆನೆಸಿಕೊಳ್ಳಿ. ಅಂಥವರ ಗುಣ ಬೇರೆಯವರಿಗೆ ಕಿರಿಕಿರಿ, ಆದರೆ ಅದೇ ಕಣ್ಣು ಚಿನ್ನ ತೂಗುವಾಗ ಬೇಕು. ಹೀಗೆ ಮಡಿವಂತಿಕೆ ಎಚ್ಚರವಾಗಿ, ಎಚ್ಚರ ನಿಖರತೆಯಾಗಿ, ನಿಖರವಾಗಿ ನೋಡಬೇಕಾದ ಸಂಗತಿಯೇ 'ನೈಸ್' ಆಯಿತು. 16, 17ನೆಯ ಶತಮಾನಗಳ ಎಷ್ಟೋ ಪ್ರಯೋಗಗಳಲ್ಲಿ ಬರೆದವನ ಮನಸ್ಸಿನಲ್ಲಿದ್ದ ಅರ್ಥ ಯಾವುದೆಂದು ಹೇಳುವುದು ಕಷ್ಟ ಎಂದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರೇ ಒಪ್ಪಿಕೊಂಡಿದ್ದಾರೆ. ಸಾಮ್ಯುಯೆಲ್ ಜಾನ್ಸನ್‌ನ 1755ರ ನಿಘಂಟಿನಲ್ಲಿ ಈ ಪದಕ್ಕೆ ಕೊಟ್ಟ ಮುಖ್ಯ ಅರ್ಥಗಳೆಲ್ಲ ನಿಖರತೆ, ನಾಜೂಕು, ಅತಿ ಎಚ್ಚರಗಳ ಸುತ್ತಲೇ ಸುತ್ತುತ್ತವೆ. ಹಿತವಾದ, ಮನಸ್ಸಿಗೆ ಒಪ್ಪುವ ಎಂಬ ನಮ್ಮ ಅರ್ಥ ಬಳಕೆಯಲ್ಲಿ ನೆಲೆಯೂರಿದ್ದು 18ನೆಯ ಶತಮಾನದ ಉತ್ತರಾರ್ಧದಲ್ಲಿ. ಅಂದರೆ ಏಳು ಶತಮಾನಗಳ ಪದದಲ್ಲಿ ನಾವು ಹಲಗೆಯ ಮೇಲೆ ಬರೆಯುವ ಅರ್ಥಕ್ಕೆ ಮೂರು ಶತಮಾನವೂ ತುಂಬಿಲ್ಲ.

ಈ ಹಳೆಯ ಅರ್ಥಗಳು ಗೊತ್ತಿಲ್ಲದಿದ್ದರೆ ಓದಿನಲ್ಲಿ ಎಡವುತ್ತೇವೆ. ಷೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್' ನಾಟಕದ 5ನೆಯ ಅಂಕದಲ್ಲಿ ರೋಮಿಯೋಗೆ ಕಳಿಸಿದ ಪತ್ರ ತಲುಪಲೇ ಇಲ್ಲವೆಂದು ತಿಳಿದಾಗ ಪಾದ್ರಿ ಲಾರೆನ್ಸ್ ಗಾಬರಿಯಾಗುತ್ತಾನೆ. ಆ ಪತ್ರ 'ನೈಸ್' ಆದದ್ದಲ್ಲ ಎನ್ನುತ್ತಾನೆ. ಒಳ್ಳೆಯ ಪತ್ರವಲ್ಲ ಎಂದು ಓದಿಕೊಂಡರೆ ಕಥೆಯೇ ತಲೆಕೆಳಗು. ಕ್ಷುಲ್ಲಕ ಪತ್ರವಲ್ಲ, ಎರಡು ಜೀವಗಳ ಪ್ರಶ್ನೆ ಎಂಬುದು ಅವನ ಮಾತಿನ ಭಾವ.

ಇಷ್ಟು ಓದಿದವರಲ್ಲಿ ಕೆಲವರು ಥಟ್ಟನೆ ಇನ್ನೊಂದು ತುದಿಗೆ ಹೋಗುವುದನ್ನೂ ನೋಡಿದ್ದೇನೆ. 'ನೈಸ್ ಎಂದರೆ ನಿಜವಾದ ಅರ್ಥ ಮೂರ್ಖ, ಯಾರಿಗೂ ಹಾಗನ್ನಬೇಡಿ' ಎಂದು ತರಗತಿಯಲ್ಲಿ ಹೇಳಿ ಮಕ್ಕಳ ಮುಂದೆ ಪಂಡಿತರಾಗುವ ಆಸೆ. ನನ್ನ ತಕರಾರು ಇದಕ್ಕೂ ಇದೆ. ಮೊದಲ ಅರ್ಥವೇ ನಿಜವಾದ ಅರ್ಥ ಎಂಬುದು ತಪ್ಪು ತಿಳಿವಳಿಕೆ. ಜೇನ್ ಆಸ್ಟಿನ್ ಇದನ್ನು ತಮಾಷೆಯಾಗಿ ತೋರಿಸಿದ್ದಾಳೆ. ಅವಳ ಮರಣಾನಂತರ, 1817ರ ಕೊನೆಯಲ್ಲಿ ಪ್ರಕಟವಾದ 'ನಾರ್ಥ್ಯಾಂಗರ್ ಅಬ್ಬಿ' ಕಾದಂಬರಿಯಲ್ಲಿ ಕ್ಯಾಥರೀನ್ ಎಂಬ ಹುಡುಗಿ ತನಗಿಷ್ಟವಾದ ಪುಸ್ತಕವನ್ನು ಈ ಪದದಿಂದ ಮೆಚ್ಚುತ್ತಾಳೆ. ಹೆನ್ರಿ ಟಿಲ್ನಿ ಅವಳನ್ನು ರೇಗಿಸುತ್ತಾನೆ. ಅಚ್ಚುಕಟ್ಟು, ನಾಜೂಕುಗಳಿಗೆ ಮೀಸಲಾಗಿದ್ದ ಪದ ಈಗ ಕಂಡಕಂಡದ್ದಕ್ಕೆಲ್ಲ ಬಳಕೆಯಾಗುತ್ತಿದೆ ಎಂಬುದು ಅವನ ಹಾಸ್ಯದ ತಿರುಳು. ಸೊಗಸೇನೆಂದರೆ, ಅವನು ಮೂಲ ಎಂದುಕೊಂಡದ್ದೂ ಮೂಲವಲ್ಲ, ನಡುದಾರಿಯ ಒಂದು ತಂಗುದಾಣ. ಶುದ್ಧಿಯ ಕಾವಲುಗಾರರು ಸಾಮಾನ್ಯವಾಗಿ ಕಾಯುವುದು ತಮ್ಮ ಅಜ್ಜಿಯ ಕಾಲದ ಬಳಕೆಯನ್ನು.

ಕನ್ನಡದ ಮೇಷ್ಟರುಗಳಿಗೆ ಇದು ಹೊಸ ವಿಚಾರವಲ್ಲ. ಎಳ್ಳಿನ ನೆಯ್ ಆಗಿದ್ದ 'ಎಣ್ಣೆ' ಈಗ ಕೊಬ್ಬರಿ ಎಣ್ಣೆ, ಸೀಮೆ ಎಣ್ಣೆಗಳಿಗೂ ಸಲ್ಲುತ್ತದೆ. ಬರೀ ವಾಸನೆಯಾಗಿದ್ದ 'ನಾತ' ದುರ್ವಾಸನೆಯಾಗಿದೆ. ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಅಂಕಣವನ್ನು ಓದಿದವರಿಗೆ ಪದಗಳ ಕಥೆ ಎಷ್ಟು ರುಚಿ ಎಂದು ಬೇರೆ ಹೇಳಬೇಕಿಲ್ಲ. ಆದರೆ 'ನೈಸ್'ಗೆ ಸರಿಜೋಡಿ ಬೇಕೆಂದರೆ ನಾನು 'ಮುಗ್ಧ'ವನ್ನು ಕೊಡುತ್ತೇನೆ. ಸಂಸ್ಕೃತದ 'ಮುಹ್' ಧಾತುವಿನಿಂದ ಹುಟ್ಟಿದ ಅವಳಿಗಳು 'ಮೂಢ' ಮತ್ತು 'ಮುಗ್ಧ'. ಎರಡಕ್ಕೂ ಮೂಲದಲ್ಲಿ ಭ್ರಮೆಗೊಂಡ, ತಿಳಿವುಗೆಟ್ಟ ಎಂಬ ಅರ್ಥ. ಒಬ್ಬ ಅಲ್ಲೇ ಉಳಿದ, ಇನ್ನೊಬ್ಬ ತಿಳಿಯದವನಿಂದ ಕಪಟವರಿಯದವನಾಗಿ, ಅಲ್ಲಿಂದ ಚೆಲುವಿನವರೆಗೂ ಏರಿದ. ಕಾವ್ಯದ ಮುಗ್ಧಾ ನಾಯಿಕೆಯನ್ನು ಯಾರೂ ಪೆದ್ದಿ ಎನ್ನುವುದಿಲ್ಲ. ಇಂಗ್ಲಿಷಿನ 'ಸಿಲ್ಲಿ' ಇದಕ್ಕೆ ವಿರುದ್ಧವಾಗಿ ಇಳಿಯಿತು. ಹಳೆಯ ಇಂಗ್ಲಿಷಿನಲ್ಲಿ ಧನ್ಯ, ಸುಖಿ ಎಂದಿದ್ದದ್ದು ಕಪಟವರಿಯದ, ಪಾಪದ, ದುರ್ಬಲ ಎನ್ನುತ್ತಾ ಕೊನೆಗೆ ಪೆದ್ದ ಎಂಬಲ್ಲಿಗೆ ಬಂದು ನಿಂತಿತು. ಒಂದು ಪದ ಮೆಟ್ಟಿಲು ಹತ್ತುವಾಗ ಇನ್ನೊಂದು ಇಳಿಯುತ್ತಿತ್ತು.

ನಮ್ಮ ಮನೆಗಳಲ್ಲೇ 'ನೈಸ್' ಇನ್ನೊಂದು ಸಂಸಾರ ಹೂಡಿದೆ. ಮಸಾಲೆ ನೈಸಾಗಿ ರುಬ್ಬಬೇಕು, ಅಂದರೆ ನುಣ್ಣಗೆ. ಕೆಲಸ ಬಂದಾಗ ಅವನು ನೈಸಾಗಿ ಜಾರಿಕೊಂಡ. ಮಾವನನ್ನು ನೈಸ್ ಮಾಡಿ ಸೈಕಲ್ ತರಿಸಿಕೊಂಡ. ಇಲ್ಲಿ ನಮ್ಮ 'ನಯ'ವೂ ಇಂಗ್ಲಿಷಿನ 'ನೈಸ್' ಕೂಡ ಕಿವಿಗೆ ಒಂದೇ ಆಗಿ ಕೇಳುತ್ತವೆ. ಇಂಗ್ಲಿಷ್ ಬಾರದ ಅಜ್ಜಿಯೂ ಹೇಳುವ 'ನೈಸಾಗಿ ರುಬ್ಬು' ಎಂಬುದರಲ್ಲಿ ಹಲಗೆಯ ಮೇಲಿನ 'ಒಳ್ಳೆಯ' ಎಂಬುದಕ್ಕಿಂತ ಆ ಹುಡುಗಿಯ ಪ್ರಶ್ನೆಗೆ ಹತ್ತಿರದ ಉತ್ತರವಿತ್ತು. ನುಣುಪು, ಸಣ್ಣ, ಸೂಕ್ಷ್ಮ. 'ಮನೆಯಲ್ಲಿ ಮಸಾಲೆ ನೈಸಾಗಿ ಅರೀತಾರಲ್ಲ, ಹಾಗೆ ಸಣ್ಣಗೆ ನೋಡಬೇಕಾದ ಪಾಯಿಂಟು' ಎಂದಿದ್ದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ನಕ್ಕ ತರಗತಿಯೂ ಆ ಹುಡುಗಿಯ ಕಡೆ ಬೇರೆ ರೀತಿಯಲ್ಲಿ ತಿರುಗಿ ನೋಡುತ್ತಿತ್ತು.

ಸಹೋದ್ಯೋಗಿಗಳು ಕೇಳುವ ಪ್ರಶ್ನೆ ನನಗೆ ಗೊತ್ತು. 40 ನಿಮಿಷದ ಅವಧಿ, ಮುಗಿಸಬೇಕಾದ ಘಟಕ, ಒಂದು ವಾಕ್ಯ ಓದಲು ತಡವರಿಸುವ ಮಕ್ಕಳು. ಇವರಿಗೆ ಲ್ಯಾಟಿನ್ ಬೇಕೆ? ಬೇಡ. ಪದದ ಇತಿಹಾಸ ಗೊತ್ತಿರಬೇಕಾದದ್ದು ಮಕ್ಕಳಿಗಲ್ಲ, ಮೇಷ್ಟರಿಗೆ. ಗೊತ್ತಿರುವ ಮೇಷ್ಟರು ಸಮ ಚಿಹ್ನೆ ಹಾಕುವಾಗ ಸ್ವಲ್ಪ ಅಳುಕುತ್ತಾರೆ. ಆ ಅಳುಕು ಸಾಕು. ಎರಡು ಸಣ್ಣ ವಾಕ್ಯ ಬರೆದು 'ಇಲ್ಲಿ ಇದರ ಅರ್ಥ ಏನಿರಬಹುದು?' ಎಂದು ಕೇಳಿದರೆ ಪಟ್ಟಿ ಬರೆಸುವುದಕ್ಕಿಂತ ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ. ಪಾಠಯೋಜನೆಯ ನಮೂನೆಯಲ್ಲಿ 'ಪದ – ಅರ್ಥ' ಎಂಬ ಎರಡು ಕಲಮುಗಳ ನಡುವೆ 'ವಾಕ್ಯ' ಎಂಬ ಮೂರನೆಯದನ್ನು ಸೇರಿಸಬೇಕೆಂದು ನಾನು ನಮ್ಮ ವಿಭಾಗದ ಸಭೆಯಲ್ಲಿ ಕೇಳಿಕೊಂಡಿದ್ದೇನೆ. ಕಾಗದದ ಕೆಲಸ ಹೆಚ್ಚಾಯಿತು ಎಂದು ಗೊಣಗಿದವರಿದ್ದಾರೆ. ಗೊಣಗಲಿ.

ಇನ್ನೊಂದು ಮಾತಿನಲ್ಲಿ ಮಾತ್ರ ನಾನು ಒಪ್ಪದವರ ಗುಂಪಿನಲ್ಲಿದ್ದೇನೆ. ಪ್ರಬಂಧದಲ್ಲಿ 'ನೈಸ್' ಬರೆಯಲೇಬಾರದು, ಅದು ಸವೆದ ನಾಣ್ಯ, ಅದರ ಬದಲು ಬೇರೆ ವಿಶೇಷಣ ಹುಡುಕಿ ಎಂಬ ಬೋಧನೆ ನಮ್ಮಲ್ಲಿ ಬಹಳ. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳಿಗೆ ಅದು ಸರಿಯಿರಬಹುದು. ಆದರೆ ಮನೆಯಲ್ಲಿ ಮೊದಲ ಬಾರಿಗೆ ಇಂಗ್ಲಿಷ್ ಅಕ್ಷರ ಹಿಡಿದ ಮಗು ಎದ್ದು ನಿಂತು 'ದಿ ಫೇರ್ ವಾಸ್ ನೈಸ್' ಎಂದಾಗ ಆ ಪದವನ್ನು ಕಿತ್ತುಕೊಳ್ಳುವುದು ಅನ್ಯಾಯ. ಅದರ ಕೈಯಲ್ಲಿರುವುದು ಅದೊಂದೇ ನಾಣ್ಯ. ಜಾತ್ರೆ ಹೇಗೆ ನೈಸ್ ಆಗಿತ್ತು, ತೇರೋ, ಮಂಡಕ್ಕಿಯೋ, ಜೋಕಾಲಿಯೋ ಎಂದು ಕೇಳಿ. ಕನ್ನಡದಲ್ಲೇ ಹೇಳಲಿ. ಉಳಿದ ವಿಶೇಷಣಗಳು ಅದರ ಹಿಂದೆ ಬರುತ್ತವೆ.

ಆ ಮಗುವಿಗೆ ಕೊಡುವ ರಿಯಾಯಿತಿಯನ್ನು ನಮಗೆ ನಾವು ಕೊಟ್ಟುಕೊಳ್ಳಬಾರದು. ವೀಕ್ಷಣಾ ಪುಸ್ತಕದಲ್ಲಿ ನಾನು ಈಗ ಆ ಪದ ಬರೆಯುವುದನ್ನು ಬಿಟ್ಟಿದ್ದೇನೆ. ಯಾವ ಮಗು ಏನು ಕೇಳಿತು, ಪ್ರಶಿಕ್ಷಣಾರ್ಥಿ ಅದಕ್ಕೆ ಏನು ಹೇಳಿದರು, ಅದು ಕೂತ ಮೇಲೆ ಮತ್ತೆ ಕೈ ಎತ್ತಿತೇ ಎಂದು ನಾಲ್ಕೈದು ಸಾಲು ಬರೆಯುತ್ತೇನೆ. ಹೋದ ಸಲ ಒಬ್ಬ ಹುಡುಗ ಪುಸ್ತಕ ತಿರುವಿ ಹಾಕಿ ಸಪ್ಪೆ ಮುಖದಲ್ಲಿ ಬಂದ. "ಸರ್, ಬೇರೆಯವರಿಗೆಲ್ಲ ನೈಸ್ ಲೆಸನ್ ಅಂತ ಬಂದಿದೆ. ನನಗೆ ಬರೀ ಇಷ್ಟುದ್ದ ಬರೆದಿದ್ದೀರಿ. ಪಾಠ ಚೆನ್ನಾಗಿರಲಿಲ್ವಾ?" ಕೂರಿಸಿಕೊಂಡು ಒಂದೊಂದೇ ಸಾಲು ಓದಿಸಿದೆ. ಮೂರನೆಯ ಸಾಲಿಗೆ ಬರುವ ಹೊತ್ತಿಗೆ, ತಾನು ಗಮನಿಸದೆ ದಾಟಿ ಹೋಗಿದ್ದ ಕೊನೆಯ ಸಾಲಿನ ಹುಡುಗನ ಹೆಸರು ಅವನಿಗೇ ನೆನಪಾಯಿತು.